ಠಾಣೆಯಲ್ಲಿ ಮೂರು ಗಂಟೆ ಕೂತ ಮಗಳು, ತಿಪಟೂರಿನಲ್ಲಿ ನಿದ್ದೆಗೆಟ್ಟ ಅಪ್ಪ

ಓದುಗರ ಪ್ರಶ್ನೆ:

“ಮೇಡಂ, ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಕೊನೇ ವರ್ಷದ ಬಿಎಸ್ಸಿ ಓದುತ್ತಿದ್ದಾಳೆ. ಹೋದ ತಿಂಗಳು ರಸ್ತೆ ಅಗಲ ಮಾಡಲು ಮರ ಕಡಿಯುತ್ತಾರೆಂದು ಇಪ್ಪತ್ತು ಮೂವತ್ತು ಹುಡುಗರ ಜೊತೆ ಫುಟ್‌ಪಾತಿನಲ್ಲಿ ಬೋರ್ಡು ಹಿಡಿದು ನಿಂತಿದ್ದಳಂತೆ. ಪೊಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋಗಿ, ಠಾಣೆಯಲ್ಲಿ ಮೂರು ಗಂಟೆ ಕೂರಿಸಿ, ಆಧಾರ್ ಕಾರ್ಡಿನ ಫೋಟೊ ಹೊಡೆದುಕೊಂಡು, ಒಂದು ಹಾಳೆಗೆ ಸಹಿ ಹಾಕಿಸಿ ಬಿಟ್ಟರು. ಹಾಳೆಯಲ್ಲಿ ಏನಿತ್ತಮ್ಮ ಅಂದರೆ ಸರಿಯಾಗಿ ಓದಲಿಲ್ಲ ಅನ್ನುತ್ತಾಳೆ. ವಾರ ಬಿಟ್ಟು ಕಾಲೇಜಿನಿಂದ ನನಗೇ ಫೋನ್ ಬಂತು, ‘ಮಗಳಿಗೆ ಬುದ್ಧಿ ಹೇಳಿ’ ಅಂತ. ಸರ್ಕಾರಿ ಕಚೇರಿಯಲ್ಲಿರುವ ನನ್ನ ಭಾಮೈದ ‘ಭಾವ, ರೆಕಾರ್ಡಿಗೆ ಹೆಸರು ಹೋಯ್ತು, ಇನ್ನು ಪಾಸ್‌ಪೋರ್ಟೂ ಇಲ್ಲ, ಸರ್ಕಾರಿ ನೌಕರಿಯೂ ಇಲ್ಲ’ ಅಂದುಬಿಟ್ಟ. ಮಗಳಿಗೆ ಜರ್ಮನಿಗೆ ಹೋಗಿ ಎಂಎಸ್ಸಿ ಮಾಡುವ ಆಸೆ, ಆಗದಿದ್ದರೆ ಕೆಎಎಸ್ ಬರೀತೀನಿ ಅಂತಾಳೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದನ್ನೆಲ್ಲ ಅಳಿಸು ಅಂದೆ, ಒಪ್ಪಲಿಲ್ಲ. ನಾಲ್ಕು ದಿನದಿಂದ ಮಾತಿಲ್ಲ. ಪಿಯುಸಿಯಲ್ಲಿರುವ ಮಗನೂ ಅಕ್ಕನ ಪೋಸ್ಟುಗಳನ್ನೇ ಹಂಚುತ್ತಿದ್ದಾನೆ. ನಾನೂ ಗೋಕಾಕ್ ಚಳವಳಿ ಹೊತ್ತಿನಲ್ಲಿ ಹೈಸ್ಕೂಲ್ ಹುಡುಗ, ಮೆರವಣಿಗೆಗೆ ಹೋದವನೇ. ಆಗ ನಮ್ಮನ್ನು ಯಾರೂ ಫೋಟೊ ಹಿಡಿಯಲಿಲ್ಲ. ಅವಳನ್ನು ತಡೆಯಲೇ, ಬಿಡಲೇ?”

ಉತ್ತರ:

ಮಗಳು ಮಾಡಿದ್ದು ತಪ್ಪು ಅಂತ ನೀವು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಮಾಡಿದ್ದು ಎಲ್ಲೋ ದಾಖಲಾಗಿ ಉಳಿಯಿತಲ್ಲ ಅನ್ನುವುದೇ ನಿಮ್ಮ ಭಯ. ನನ್ನ ವಕೀಲಿ ಕಚೇರಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಮುಕ್ಕಾಲು ಮಂದಿಯದ್ದು ಇದೇ ಭಯ. ಹಾಗಾಗಿ ದಾಖಲೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಭಾಮೈದ ಹೇಳಿದ್ದರಲ್ಲಿ ಹೆಚ್ಚಿನವು ಹಗ್ಗ, ಒಂದೆರಡು ನಿಜಕ್ಕೂ ಹಾವು.

ನಮ್ಮ ಮನೆಗಳಲ್ಲಿ ಎಲ್ಲಕ್ಕೂ ‘ಕೇಸಾಯ್ತು’ ಅನ್ನುವ ಒಂದೇ ಮಾತು. ಕಾನೂನಿನಲ್ಲಿ ಅದಕ್ಕೆ ಮೆಟ್ಟಿಲುಗಳಿವೆ. ಗುಂಪನ್ನು ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಸಂಜೆಯೊಳಗೆ ಬಿಡುವುದು ಮೊದಲ ಮೆಟ್ಟಿಲು. ಅದಕ್ಕೆ ವಶಕ್ಕೆ ಪಡೆಯುವುದು ಅನ್ನುತ್ತಾರೆ. ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 172ನೇ ಕಲಮು ಇದಕ್ಕೆ ಅವಕಾಶ ಕೊಡುತ್ತದೆ. ಪೊಲೀಸರ ಸೂಚನೆ ಪಾಲಿಸದವರನ್ನು ಅಲ್ಲಿಂದ ಕರೆದೊಯ್ಯಬಹುದು, ಸಣ್ಣಪುಟ್ಟ ಸಂಗತಿಯಾಗಿದ್ದರೆ 24 ಗಂಟೆಯೊಳಗೆ ಆದಷ್ಟು ಬೇಗ ಬಿಡಬೇಕು. ಎಫ್‌ಐಆರ್ ಎರಡನೇ ಮೆಟ್ಟಿಲು, ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ದೋಷಾರೋಪ ಪಟ್ಟಿ ಮೂರನೆಯದು, ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವುದು ನಾಲ್ಕು, ಶಿಕ್ಷೆ ಐದು. ನಿಮ್ಮ ಮಗಳು ಮೊದಲನೆಯದರ ಮೇಲಿದ್ದಾಳೆ. ಎರಡನೆಯದನ್ನು ಹತ್ತಿದ್ದಾಳೋ ಇಲ್ಲವೋ ತಿಳಿಯಲು ಠಾಣೆಗೆ ಅಲೆಯಬೇಕಿಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ದೌರ್ಜನ್ಯ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅಂಗಡಿಯಲ್ಲಿ ಕೂತೇ ಆ ದಿನಾಂಕ, ಆ ಠಾಣೆ ಹಾಕಿ ಹುಡುಕಿಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಗಳ ಹೆಸರು ಹಾಕಿದರೆ ಕೋರ್ಟಿಗೆ ಏನಾದರೂ ಹೋಗಿದೆಯೇ ಅನ್ನುವುದೂ ಗೊತ್ತಾಗುತ್ತದೆ.

ಈಗ ಪಾಸ್‌ಪೋರ್ಟ್. 1967ರ ಪಾಸ್‌ಪೋರ್ಟ್ ಕಾಯ್ದೆ ಅಡ್ಡ ಬರುವುದು ‘ಕ್ರಿಮಿನಲ್ ನ್ಯಾಯಾಲಯದ ಮುಂದೆ ಪ್ರಕರಣ ಬಾಕಿ ಇದ್ದರೆ’. ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಪ್ರಕರಣ ಕೋರ್ಟಿನ ಮುಂದೆ ಬಾಕಿ ಇದೆ ಎಂದಾಗುವುದಿಲ್ಲ. ಒಂದು ವೇಳೆ ನಾಲ್ಕನೇ ಮೆಟ್ಟಿಲವರೆಗೂ ಹೋಯಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಬಾಗಿಲು ಮುಚ್ಚುವುದಿಲ್ಲ. ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ ವಿದೇಶಕ್ಕೆ ಹೋಗಲು ಅನುಮತಿ ಪಡೆದರೆ ಪಾಸ್‌ಪೋರ್ಟ್ ಕೊಡಲು 1993ರ ಕೇಂದ್ರದ ಅಧಿಸೂಚನೆಯೊಂದು ದಾರಿ ಮಾಡಿದೆ. ಆದರೆ ಅವಧಿ ಕಡಿಮೆ, ಓಡಾಟ ಜಾಸ್ತಿ, ವಕೀಲರ ಫೀಸು ಬೇರೆ. ಕೆಲವು ದೇಶಗಳು ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತವೆ, ಅಲ್ಲಿ ಬಾಕಿ ಪ್ರಕರಣ ಕಾಣಿಸಿಕೊಂಡರೆ ಪ್ರಶ್ನೆ ಬರುತ್ತದೆ. ಇಷ್ಟೇ ಆ ಹಾವಿನ ಉದ್ದ.

ಸರ್ಕಾರಿ ನೌಕರಿ ವಿಚಾರದಲ್ಲಿ ನಿಮ್ಮ ಭಾಮೈದ ನಿಜವಾದ ಅಪಾಯ ಬಿಟ್ಟು ಬೇರೆಲ್ಲೋ ಕೈ ತೋರಿಸಿದ್ದಾರೆ. ನೇಮಕಾತಿ ಆದಮೇಲೆ ತುಂಬಿಸಿಕೊಳ್ಳುವ ದೃಢೀಕರಣ ನಮೂನೆಗಳಲ್ಲಿ ‘ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ, ವಶದಲ್ಲಿ ಇರಿಸಲಾಗಿದೆಯೇ, ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ’ ಅಂತೆಲ್ಲ ಕೇಳುತ್ತಾರೆ. ಅಲ್ಲಿ ಮನೆಯವರ ಮಾತು ಕೇಳಿ ‘ಇಲ್ಲ’ ಅಂತ ಬರೆದವರು ಕೆಲಸ ಕಳೆದುಕೊಂಡಿದ್ದಾರೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹೀಗೆ ಮಾಹಿತಿ ಮುಚ್ಚಿಟ್ಟವರನ್ನು ಏನು ಮಾಡಬೇಕು ಅನ್ನುವ ಗೊಂದಲವನ್ನು ಬಗೆಹರಿಸಿತು. ಅಭ್ಯರ್ಥಿ ಕೊಟ್ಟ ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು ಅನ್ನುವುದು ಅದರ ತಿರುಳು. ಅದೇ ತೀರ್ಪಿನಲ್ಲಿ ಒಂದು ಸಾಲಿದೆ, ಅದನ್ನು ನಾನು ಬಂದವರಿಗೆಲ್ಲ ಓದಿ ಹೇಳುತ್ತೇನೆ. ಕ್ಷುಲ್ಲಕ ಪ್ರಕರಣ ಯಾವುದು ಎಂಬುದಕ್ಕೆ ಕೋರ್ಟ್ ತಾನೇ ಕೊಟ್ಟ ಉದಾಹರಣೆ: ಎಳೇ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು. ಅಂಥದ್ದರಲ್ಲಿ ಶಿಕ್ಷೆಯೇ ಆಗಿದ್ದು, ಅದನ್ನು ಹೇಳದೆ ಬಿಟ್ಟಿದ್ದರೂ ನೇಮಿಸಿಕೊಳ್ಳುವವರು ತಮ್ಮ ವಿವೇಚನೆಯಿಂದ ಮನ್ನಿಸಬಹುದು ಅಂತಿದೆ. ಮೂರು ಗಂಟೆ ಠಾಣೆಯಲ್ಲಿ ಕೂತಿದ್ದನ್ನು ಒಂದು ಸಾಲಿನಲ್ಲಿ ಬರೆದು, ತಾರೀಕು ಹಾಕಿ, ಕಾರಣ ಹೇಳಿದರೆ ನಿಮ್ಮ ಮಗಳಿಗೆ ಕೆಎಎಸ್ ತಪ್ಪುವುದಿಲ್ಲ. ‘ಇಲ್ಲ’ ಅಂತ ಬರೆದರೆ ತಪ್ಪಬಹುದು.

ಇದೇ ಕಾರಣಕ್ಕೆ, ಪೋಸ್ಟ್ ಅಳಿಸು ಅಂದ ಮಾತನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ತನಿಖೆಗೆ ಬೇಕಾಗಬಹುದಾದ ದಾಖಲೆಯನ್ನು ಸಾಕ್ಷ್ಯಕ್ಕೆ ಸಿಗದಂತೆ ನಾಶ ಮಾಡುವುದು ತಾನೇ ಒಂದು ಅಪರಾಧ, ಮೊಬೈಲಿನಲ್ಲಿರುವುದೂ ದಾಖಲೆಯೇ. ಮಾಡದ ತಪ್ಪಿಗೆ ಹೆದರಿ ತಪ್ಪು ಮಾಡಿದ ಹಾಗಾಗುತ್ತದೆ. ಅಳಿಸುವ ಬದಲು ಅವಳು ಎಲ್ಲದರ ಒಂದು ಪ್ರತಿ ಇಟ್ಟುಕೊಳ್ಳಲಿ. ತಾನು ಹಾಕಿದ್ದರಲ್ಲಿ ಸುಳ್ಳಿತ್ತು ಅಂತ ಅವಳಿಗೇ ಗೊತ್ತಾದರೆ ಆಗ ಮಾತು ಬೇರೆ. ಅಲ್ಲೂ ಸುಮ್ಮನೆ ಅಳಿಸುವುದಕ್ಕಿಂತ ತಿದ್ದುಪಡಿ ಹಾಕುವುದು ಲೇಸು.

ಈ ಹೆದರಿಕೆ ನಿಮ್ಮೊಬ್ಬರದೇ ಅಲ್ಲ, ಅದಕ್ಕೆ ಕಾರಣವೂ ಇದೆ. 2021ರ ಫೆಬ್ರುವರಿ 13ರಂದು ದೆಹಲಿ ಪೊಲೀಸರು ಬೆಂಗಳೂರಿಗೆ ಬಂದು 22 ವರ್ಷದ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು ಬಂಧಿಸಿದರು. ರೈತ ಹೋರಾಟಕ್ಕೆ ಸಂಬಂಧಿಸಿದ ‘ಟೂಲ್‌ಕಿಟ್’ ಎಂಬ ಆನ್‌ಲೈನ್ ಕಡತವನ್ನು ತಿದ್ದಿ ಹಂಚಿದ ಆರೋಪ, ಮೇಲೆ ರಾಜದ್ರೋಹದ ಕಲಮು. ಆ ವಾರ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕರೆ ಮಾಡಿದವರೆಲ್ಲ ತಾಯಂದಿರು. ಹತ್ತು ದಿನ ಕಳೆದು ಫೆಬ್ರುವರಿ 23ರಂದು ದೆಹಲಿಯ ಪಟಿಯಾಲ ಹೌಸ್ ನ್ಯಾಯಾಲಯ ಜಾಮೀನು ಕೊಟ್ಟಿತು. ನಾಗರಿಕರು ಸರ್ಕಾರದ ಆತ್ಮಸಾಕ್ಷಿಯ ಕಾವಲುಗಾರರು, ಸರ್ಕಾರದ ನೀತಿಯನ್ನು ಒಪ್ಪುವುದಿಲ್ಲ ಅಂದ ಮಾತ್ರಕ್ಕೆ ಅವರನ್ನು ಒಳಗೆ ಹಾಕಲಾಗದು ಎಂದಿತು. ರಾಜದ್ರೋಹದ ಆ ಹಳೇ ಕಲಮನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಹೆಸರಿಲ್ಲ, ಆದರೆ ದೇಶದ ಸಾರ್ವಭೌಮತೆಗೆ ಅಪಾಯ ಎನ್ನುವ 152ನೇ ಕಲಮಿದೆ. ಅಂಥ ಬಂಧನ ಅಪರೂಪ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತ ನಾನು ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಹತ್ತು ದಿನ ಬಂಧನದಲ್ಲಿ ಕಳೆದದ್ದನ್ನು ಯಾವ ಜಾಮೀನು ಆದೇಶವೂ ವಾಪಸ್ ಕೊಡುವುದಿಲ್ಲ. ಆದರೆ ಫುಟ್‌ಪಾತಿನಲ್ಲಿ ಬೋರ್ಡು ಹಿಡಿದು ನಿಂತ ಹುಡುಗಿಗೂ ಆ ಪ್ರಕರಣಕ್ಕೂ ತಳುಕು ಹಾಕಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಅವಳನ್ನು ಹಿಡಿದದ್ದು ಯಾಕೆ? ಬಹುಮಟ್ಟಿಗೆ ಜಾಗದ ಕಾರಣಕ್ಕೆ. ಬೆಂಗಳೂರು ನಗರದಲ್ಲಿ ಪ್ರತಿಭಟನೆಗಳಿಗೆ 2021ರಲ್ಲಿ ಪ್ರತ್ಯೇಕ ಆದೇಶವೇ ಆಗಿದೆ. ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಧರಣಿ, ಮೆರವಣಿಗೆ ಕೂಡದು, ಅಲ್ಲಿಗೂ ಮೊದಲೇ ಅನುಮತಿ ಬೇಕು. ಹೈಕೋರ್ಟ್ ಕೂಡ ಅದನ್ನೇ ಪಾಲಿಸಿ ಅಂದಿದೆ. ನನಗೆ ಈ ವ್ಯವಸ್ಥೆ ಹಿಡಿಸುವುದಿಲ್ಲ. ಮರ ಇರುವುದು ಒಂದು ಕಡೆ, ಬೇಡ ಅನ್ನಬೇಕಾದದ್ದು ಇನ್ನೊಂದು ಕಡೆ ಅಂದರೆ ಮದುವೆ ಮನೆ ಬಿಟ್ಟು ಪಕ್ಕದೂರಿನಲ್ಲಿ ವಾಲಗ ಊದಿದ ಹಾಗೆ. 2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗಿನ ರಸ್ತೆಯ ಉದ್ದಕ್ಕೂ ಸಾವಿರಾರು ಜನ ಕೈ ಕೈ ಹಿಡಿದು ‘ಸ್ಟೀಲ್ ಫ್ಲೈಓವರ್ ಬೇಡ’ ಅಂತ ನಿಂತಾಗ ಈ ಆದೇಶ ಇರಲಿಲ್ಲ. ಎಂಟುನೂರಕ್ಕೂ ಹೆಚ್ಚು ಮರ ಹೋಗಬೇಕಿದ್ದ ಆ ಯೋಜನೆಯನ್ನು ಸರ್ಕಾರ 2017ರ ಮಾರ್ಚಿನಲ್ಲಿ ಕೈಬಿಟ್ಟಿತು. ಇಂದು ಅದೇ ಸಾಲು ನಿಂತರೆ ವ್ಯಾನು ಬರುತ್ತದೆ. ಹಿಡಿಸಲಿ ಬಿಡಲಿ, ಆದೇಶ ಇರುವವರೆಗೆ ಅದನ್ನು ಮೀರಿದರೆ ಏನಾಗುತ್ತದೆ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತಿರಬೇಕು. ಗೊತ್ತಿದ್ದೂ ನಿಂತರೆ ಅದು ಅವರ ತೀರ್ಮಾನ. ಸರ್ಕಾರಿ ಆದೇಶ ಮೀರಿದ ಆರೋಪವನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯೇ ಲಿಖಿತ ದೂರು ಕೊಟ್ಟಿರಬೇಕು. ಈ ಒಂದು ಹೆಜ್ಜೆ ತಪ್ಪಿದ್ದಕ್ಕೇ ಇಂಥ ಎಷ್ಟೋ ಪ್ರಕರಣ ರದ್ದಾಗಿವೆ.

ಈಗಿನ ಹುಡುಗರಿಗೆ ಯಾಕೆ ಇದೆಲ್ಲ, ಯಾರೋ ಹಿಂದೆ ನಿಂತು ಆಡಿಸುತ್ತಾರೆ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಒಂದು ಲೆಕ್ಕ ಹಾಕಿ. ನಿಮ್ಮ ಮಗಳಿಗೆ ಇಪ್ಪತ್ತೋ ಇಪ್ಪತ್ತೊಂದೋ ಇರಬಹುದು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ನೀರಿನ ಮೇಲೆ ಬೆಂಕಿ ಹತ್ತಿ ಟೀವಿಯಲ್ಲಿ ಬಂದ 2015ರಲ್ಲಿ ಅವಳು ಪ್ರೈಮರಿ ಶಾಲೆಯಲ್ಲಿದ್ದಳು. 2017, 2018ರಲ್ಲಿ ಮತ್ತೆ ಹೊತ್ತಿ ಉರಿಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿವೆ ಅಂತ ಸರ್ಕಾರವೇ ಹೇಳಿತು. ಆಗ ಅವಳು ಪಿಜಿಗೆ ಹೊಸಬಳು. ಒಂದು ಬಕೆಟ್ ನೀರಿನಲ್ಲಿ ಸ್ನಾನ, ಬಟ್ಟೆ ಎರಡೂ ಮುಗಿಸಬೇಕಾದ ಹುಡುಗಿಗೆ ಯಾರೂ ಹಿಂದೆ ನಿಂತು ಆಡಿಸಬೇಕಿಲ್ಲ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನೀವು ಗೋಕಾಕ್ ಮೆರವಣಿಗೆಗೆ ಹೋದ ಮರುವರ್ಷವೇ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಆ ಅಪ್ಪಿಕೋ ಚಳವಳಿಯ ಮುಂದಾಳುಗಳಲ್ಲಿ ಊರಿನ ಯುವಕ ಮಂಡಳಿಯ ಹುಡುಗರೂ ಇದ್ದರು.

ಹತ್ತಿರದ ಉದಾಹರಣೆ ಬೇಕೆಂದರೆ ಹೈದರಾಬಾದಿನದು. ಅದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಎರಡೂ ಮುಖ ಅದರಲ್ಲಿದೆ. 2025ರ ಮಾರ್ಚ್ 30, ಯುಗಾದಿ ಹಬ್ಬದ ದಿನ. ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರುಗಳು ಬಂದವು. ಐಟಿ ಪಾರ್ಕಿಗೆ ಜಾಗ ಬೇಕಿತ್ತು. ಹಬ್ಬದ ರಜೆ, ಕೋರ್ಟು ಕಚೇರಿ ಯಾವುದೂ ಇಲ್ಲ. ಹಾಸ್ಟೆಲಿನಲ್ಲಿ ಉಳಿದಿದ್ದ ವಿದ್ಯಾರ್ಥಿಗಳು ಎದುರು ಹೋಗಿ ನಿಂತರು. ಹಲವರನ್ನು ಎಳೆದೊಯ್ದರು, ಇಬ್ಬರು ನ್ಯಾಯಾಂಗ ಬಂಧನಕ್ಕೂ ಹೋದರು. ಅಷ್ಟರಲ್ಲಿ ಅವರು ತೆಗೆದ ವಿಡಿಯೊಗಳು ದೇಶ ಸುತ್ತಿದ್ದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತೆಲಂಗಾಣ ಹೈಕೋರ್ಟಿನ ರಿಜಿಸ್ಟ್ರಾರರನ್ನು ಅಂದೇ ಸ್ಥಳಕ್ಕೆ ಕಳಿಸಿ ವರದಿ ತರಿಸಿಕೊಂಡಿತು. ಸುಮಾರು 100 ಎಕರೆಯಷ್ಟು ಆಗಲೇ ಬೋಳಾಗಿತ್ತು, ಅಲ್ಲಿ ನವಿಲು, ಜಿಂಕೆ ಕಾಣಿಸಿದವು ಅಂತ ವರದಿ ಬಂತು. ಕೆಲಸ ನಿಲ್ಲಿಸಿ ಎಂದು ಅಂದೇ ಆದೇಶವಾಯಿತು. ನಾಲ್ಕು ದಿನದಲ್ಲಿ ತೆಲಂಗಾಣ ಸರ್ಕಾರ ವಿದ್ಯಾರ್ಥಿಗಳ ಮೇಲಿನ ಕೇಸುಗಳನ್ನು ಹಿಂತೆಗೆದುಕೊಳ್ಳಲು ಸೂಚಿಸಿತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೇ ಕಥೆ. ಆದರೆ ಅದೇ ವಾರ ಬುಲ್ಡೋಜರಿಗೆ ಹೆದರಿ ಓಡುವ ಜಿಂಕೆ, ನವಿಲುಗಳ ಚಿತ್ರಗಳೂ ಲಕ್ಷಾಂತರ ಮೊಬೈಲಿಗೆ ಹೋದವು. ಅವುಗಳಲ್ಲಿ ಹಲವು ಎಐ ಬಳಸಿ ತಯಾರಿಸಿದ ಚಿತ್ರಗಳು. ನಿಜವಾದ ನವಿಲಿದ್ದ ಜಾಗಕ್ಕೆ ಸುಳ್ಳು ನವಿಲು ತಂದು ನಿಲ್ಲಿಸಿದ ಹಾಗಾಯಿತು. ಸರ್ಕಾರಕ್ಕೆ ಹಿಡಿದುಕೊಳ್ಳಲು ಕೊಂಬೆ ಸಿಕ್ಕಿತು: ‘ನೋಡಿ, ಎಲ್ಲ ಎಐ ಸೃಷ್ಟಿ’. ಆ ಚಿತ್ರ ಹಂಚಿದವರಿಗೆ ಪೊಲೀಸ್ ನೋಟಿಸ್ ಹೋಯಿತು. ನನ್ನ ಇಪ್ಪತ್ತು ಚಿಲ್ಲರೆ ವರ್ಷದ ವಕೀಲಿಯಲ್ಲಿ ಹುಡುಗರನ್ನು ನಿಜವಾಗಿ ಪೇಚಿಗೆ ಸಿಕ್ಕಿಸಿದ್ದು ಘೋಷಣೆಗಿಂತ ಇಂಥ ಫಾರ್ವರ್ಡುಗಳೇ ಹೆಚ್ಚು. ‘ಈ ಕಂಪನಿಯವನು ಲಂಚ ಕೊಟ್ಟಿದ್ದಾನೆ’, ‘ಆ ಎಂಜಿನಿಯರ್ ಮರ ಮಾರಿಕೊಂಡ’ ಅಂತ ಹೆಸರು ಹಾಕಿ ಬರೆದರೆ ಮಾನನಷ್ಟ. ಎರಡು ವರ್ಷದವರೆಗೆ ಸಜೆ ಇರುವ ಅಪರಾಧ. ಅದಕ್ಕಿಂತ ಸುಸ್ತು ಮಾಡುವುದು ಸಿವಿಲ್ ದಾವೆ. ಕಂಪನಿಗೆ ದೊಡ್ಡ ವಕೀಲರಿರುತ್ತಾರೆ, ನಿಮ್ಮ ಮಗಳು ತಾರೀಕಿನ ಮೇಲೆ ತಾರೀಕು ಎಣಿಸಬೇಕು. ಸತ್ಯವನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅನ್ನುವುದಕ್ಕೆ ಕಾನೂನಿನಲ್ಲಿ ರಕ್ಷಣೆ ಇದೆ, ಸತ್ಯ ಅಂತ ತೋರಿಸಲು ಕಾಗದ ಇದ್ದರೆ.

ಕಾಗದದ ಮಾತು ಬಂತು. ಮರಗಳ ವಿಷಯದಲ್ಲಿ ಆ ಕಾಗದ ಸಿಗುವುದು ಕಷ್ಟವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ, ರಸ್ತೆ ಅಗಲೀಕರಣದಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ, ಮರ ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಕೊಡುವ ಸಮಯ 10 ದಿನ. ಆ 10 ದಿನದಲ್ಲಿ ಕೊಟ್ಟ ಎರಡು ಪುಟದ ಅರ್ಜಿಗೆ ಇರುವ ತೂಕ ಹನ್ನೊಂದನೇ ದಿನ ಹಿಡಿದ ಬೋರ್ಡಿಗಿಲ್ಲ. ಒಂದು ಸಲ ನನ್ನ ಹತ್ತಿರ ಬಂದ ಐದಾರು ಹುಡುಗ ಹುಡುಗಿಯರು ಬೆಳಗ್ಗೆ ಆರಕ್ಕೆ ಎದ್ದು, ಟೈಲರ್ ಟೇಪು, ನೋಟ್‌ಬುಕ್ಕು ಹಿಡಿದು ಇಡೀ ರಸ್ತೆ ನಡೆದಿದ್ದರು. ಮರದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ನಂಬರು, ಜಾತಿ, ಎದೆಮಟ್ಟದಲ್ಲಿ ಸುತ್ತಳತೆ, ಗೂಡಿದೆಯೋ ಇಲ್ಲವೋ, ಎಲ್ಲ ಬರೆದುಕೊಂಡಿದ್ದರು. ಆದೇಶದ ಪ್ರತಿಯಲ್ಲಿ ನಲವತ್ತೆಂಟು ಮರ. ರಸ್ತೆಯಲ್ಲಿ ಬಣ್ಣ ಬಿದ್ದದ್ದು ಅರವತ್ಮೂರಕ್ಕೆ. ಐವತ್ತರ ಗೆರೆ ದಾಟದ ಹಾಗೆ ಒಂದೇ ರಸ್ತೆಯನ್ನು ಎರಡು ಆದೇಶ ಮಾಡಿದ್ದರು. ಆ ನೋಟ್‌ಬುಕ್ಕಿನ ಪುಟಗಳನ್ನು ಅರ್ಜಿಗೆ ಲಗತ್ತಿಸಿ ಕೊಟ್ಟು, ಇನ್ನೊಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಬಂದರು. ಸೀಲು ಬಿದ್ದ ಆ ಪ್ರತಿಯೇ ಮುಂದೆ ಕೋರ್ಟಿನಲ್ಲಿ ಅವರ ಪರ ಮಾತಾಡಿದ್ದು. ಯಾರೂ ಠಾಣೆಗೆ ಹೋಗಲಿಲ್ಲ.

ಆದೇಶದ ಪ್ರತಿ ಕೈಗೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಅದನ್ನು ಮೀರಿದರೆ ಅದೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಪರಿಸರದ ವ್ಯಾಜ್ಯಗಳನ್ನೇ ನೋಡುವ ಹಸಿರು ನ್ಯಾಯಮಂಡಳಿಗೂ ಹೋಗಬಹುದು, ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆದರೆ ವಿವಾದ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು, ತಡ ಮಾಡಿ ಬಾಗಿಲು ಮುಚ್ಚಿಸಿಕೊಂಡವರು ಬಹಳ. ಈ ದಾರಿಯ ಕಷ್ಟವನ್ನೂ ಹೇಳಬೇಕು. ನಿಧಾನ. ನೀವು ಅರ್ಜಿ ಬರೆಯುವಷ್ಟರಲ್ಲಿ ರಾತ್ರೋರಾತ್ರಿ ಗರಗಸ ಓಡಿರುತ್ತದೆ. ಆದ್ದರಿಂದಲೇ ಹುಡುಗರು ರಸ್ತೆಗೆ ಬರುತ್ತಾರೆ, ಅದನ್ನೂ ನಾನು ಬಲ್ಲೆ.

ಹಳ್ಳಿ ಕಡೆ ಇನ್ನೂ ಒಂದು ವೇದಿಕೆ ಇದೆ. ಗಣಿ, ಕಾರ್ಖಾನೆಯಂಥ ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ಅಹವಾಲು ಸಭೆ ನಡೆಸಬೇಕು. 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ, ವರದಿಯ ಸಾರಾಂಶ ಕನ್ನಡದಲ್ಲಿ, ಸಭೆಯ ವಿಡಿಯೊ ಚಿತ್ರೀಕರಣ. ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಹಿಂದುಗಡೆ ಊಟದ ಪೊಟ್ಟಣಗಳ ರಾಶಿ. ಹಿರಿಯರೆಲ್ಲ ಮೈಕು ಹಿಡಿದು ರೋಷದಿಂದ ಮಾತಾಡಿದರು, ಅಧಿಕಾರಿಗಳು ತಲೆಯಾಡಿಸಿದರು. ಆಮೇಲೆ ಸೆಕೆಂಡ್ ಪಿಯುಸಿ ಹುಡುಗಿಯೊಬ್ಬಳು ಎದ್ದಳು. ಪಂಚಾಯಿತಿಯಿಂದ ಜೆರಾಕ್ಸ್ ಮಾಡಿಸಿದ ಸಾರಾಂಶದಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಬಂದಿದ್ದಳು. “ಸಾರ್, ಇದರಲ್ಲಿ ಹತ್ತಿರದಲ್ಲೆಲ್ಲೂ ಹಳ್ಳ ಇಲ್ಲ ಅಂತ ಬರೆದಿದೀರಿ. ಹಾಗಾದ್ರೆ ನಮ್ಮನೆ ಎಮ್ಮೆ ದಿನಾ ಎಲ್ಲಿ ನೀರು ಕುಡಿಯುತ್ತೆ?” ಅಂದಳು. ಜನ ನಕ್ಕರು. ವೇದಿಕೆ ಮೇಲಿದ್ದವರು ನಗಲಿಲ್ಲ, ಪುಟ ತಿರುವಿದರು. ಸಭೆ ಮುಗಿಯುವಾಗ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮ. ಓದಿದರು. ಅವಳ ಪ್ರಶ್ನೆ ಅದರಲ್ಲಿರಲಿಲ್ಲ. ಅಷ್ಟು ಹೊತ್ತಿಗೆ ಮುಕ್ಕಾಲು ಜನ ಊಟಕ್ಕೆ ಎದ್ದಿದ್ದರು. ಅವಳು ಕೂತೇ ಇದ್ದಳು. “ನಂದು ಬಿಟ್ಟುಹೋಗಿದೆ ಸಾರ್” ಅಂದಳು. ಬರೆಸಿಕೊಂಡರು. ಯೋಜನೆ ನಿಂತಿತೇ ಅಂದರೆ, ಇಲ್ಲ. ಹಳ್ಳ ನಕ್ಷೆಗೆ ಬಂತು, ಅದರಿಂದ ಅಂತರ ಬಿಡಬೇಕೆಂಬ ಷರತ್ತು ಬಂತು.

ಕಾಲೇಜಿನ ವಿಚಾರ ಚಿಕ್ಕದು. ಕ್ಯಾಂಪಸ್ಸಿನ ಹೊರಗೆ, ಕಾಲೇಜಿನ ಹೆಸರು ಲಾಂಛನ ಬಳಸದೆ, ರಜೆಯ ದಿನ ಮಾಡಿದ್ದಕ್ಕೆ ಕಾಲೇಜು ಶಿಕ್ಷೆ ಕೊಡಬೇಕಾದರೆ ಲಿಖಿತ ನೋಟಿಸ್ ಕೊಟ್ಟು ಅವಳ ಮಾತು ಕೇಳಲೇಬೇಕು. ಫೋನಿನಲ್ಲಿ ‘ಬುದ್ಧಿ ಹೇಳಿ’ ಅಂದದ್ದು ನೋಟಿಸಲ್ಲ. ಜಗಳಕ್ಕೆ ಹೋಗಬೇಡಿ, ‘ಬರವಣಿಗೆಯಲ್ಲಿ ಕೊಡಿ’ ಅಂತ ಮರ್ಯಾದೆಯಿಂದ ಕೇಳಿ. ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ. ಅವರ ಕೈಲಿರುವ ಅಸ್ತ್ರ ಹಾಜರಾತಿ. ಅದು ಶೇ 75 ಇರುವಂತೆ ಅವಳು ನೋಡಿಕೊಂಡರೆ ಉಳಿದದ್ದು ಗಾಳಿಮಾತು. ಮಗನಿಗೆ ಹದಿನೆಂಟು ತುಂಬಿಲ್ಲವಾದರೆ ಬಾಲನ್ಯಾಯ ಕಾಯ್ದೆಯ ರಕ್ಷಣೆ ಇದೆ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಆ ವಯಸ್ಸಿನ ಪ್ರಕರಣ ಮುಂದೆ ನೌಕರಿಗೆ ಅನರ್ಹತೆಯಾಗದು. ಹಾಗಂತ ಅಕ್ಕನ ಪೋಸ್ಟನ್ನು ಓದದೆ ಹಂಚುವ ಚಾಳಿ ಬಿಡಿಸಿ. ಅಪ್ರಾಪ್ತ ಮಕ್ಕಳನ್ನು ಪ್ರತಿಭಟನೆಯ ಮುಂದಿನ ಸಾಲಿಗೆ ತಂದು ನಿಲ್ಲಿಸುವ ದೊಡ್ಡವರ ಮೇಲೆ ನನಗಂತೂ ಗೌರವವಿಲ್ಲ.

ತಡೆಯಲೇ ಬಿಡಲೇ ಅಂದಿರಿ. ತಡೆದರೆ ಅವಳು ನಿಮಗೆ ಹೇಳದೆ ಹೋಗುತ್ತಾಳೆ. ಆಗ ಠಾಣೆಯಿಂದ ಫೋನ್ ಮಾಡುವಾಗ ಅವಳ ಬೆರಳು ನಿಮ್ಮ ನಂಬರಿಗೆ ಹೋಗುವುದಿಲ್ಲ. ನಿಮಗೆ ಆಗುವ ನಷ್ಟದಲ್ಲಿ ದೊಡ್ಡದು ಅದೇ. ಬಿಡುವುದಾದರೆ ಸುಮ್ಮನೆ ಬಿಡಬೇಡಿ, ಒಂದು ಕರಾರು ಮಾಡಿಕೊಳ್ಳಿ. ಹೋಗುವ ಮೊದಲು ಅನುಮತಿ ಇದೆಯೇ ಅಂತ ಕೇಳಲಿ. ಒಬ್ಬ ವಕೀಲರ ನಂಬರು ಮೊಬೈಲಿನಲ್ಲಲ್ಲ, ಚೀಟಿಯಲ್ಲಿ ಇರಲಿ, ಮೊಬೈಲ್ ಕಿತ್ತುಕೊಂಡರೆ ಚೀಟಿ ಉಳಿಯುತ್ತದೆ. ಮೊಬೈಲ್ ವಶಪಡಿಸಿಕೊಂಡರೆ, ಸಾಕ್ಷಿಗಳ ಮುಂದೆ ಅದರ ವಿವರ ಬರೆದ ಪಂಚನಾಮೆಯ ಪ್ರತಿ ಕೇಳಲಿ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು, ಇದನ್ನು ತಿಳಿದಿರಲಿ. ಪೊಲೀಸರ ಜೊತೆ ವಾದ ಬೇಡ, ತಳ್ಳಾಟವಂತೂ ಬೇಡವೇ ಬೇಡ. ಬೋರ್ಡು ಹಿಡಿದದ್ದು ಸಣ್ಣ ವಿಷಯ. ಕರ್ತವ್ಯಕ್ಕೆ ಅಡ್ಡಿ, ಪೊಲೀಸರ ಮೇಲೆ ಕೈ ಮಾಡಿದ ಆರೋಪ ಬಂದರೆ ಅದು ಸಣ್ಣದಲ್ಲ. ಪರೀಕ್ಷೆ ಮುಗಿಯುವವರೆಗೆ ರಸ್ತೆಗೆ ಹೋಗದೆ ಅರ್ಜಿ, ನೋಟ್‌ಬುಕ್ಕಿನ ಕೆಲಸ ಮಾಡುತ್ತೇನೆ ಅಂದರೆ ಅದೂ ಸರಿಯೇ, ಆದರೆ ಆ ಮಾತು ಅವಳ ಬಾಯಿಂದ ಬರಲಿ.

ಮತ್ತು ಮಾತು ನೀವೇ ಮೊದಲು ಶುರು ಮಾಡಿ. ಗೋಕಾಕ್ ಮೆರವಣಿಗೆಯ ಕಥೆ ಅವಳಿಗೆ ಹೇಳಿದ್ದೀರೋ ಇಲ್ಲವೋ, ಪತ್ರದಲ್ಲಿ ಇಲ್ಲ.

ಆ ಸಹಿ ಹಾಕಿದ ಹಾಳೆಯ ಸಂಗತಿ ಮಾತ್ರ ಹಾಗೇ ಬಿಡಬೇಡಿ. ಅದು ಬರೀ ಹೆಸರು ವಿಳಾಸದ ಪಟ್ಟಿಯಾಗಿರಬಹುದು, ಇನ್ನು ಹೀಗೆ ಮಾಡುವುದಿಲ್ಲ ಅನ್ನುವ ಮುಚ್ಚಳಿಕೆಯಾಗಿರಬಹುದು, ಕರೆದಾಗ ವಿಚಾರಣೆಗೆ ಬರಬೇಕೆಂಬ ನೋಟಿಸೂ ಆಗಿರಬಹುದು. ನೋಟಿಸಾಗಿದ್ದು ಅವಳು ಹೋಗದೇ ಇದ್ದರೆ ಅದೇ ಬಂಧನಕ್ಕೆ ಕಾರಣ ಆಗುತ್ತದೆ. ಜೊತೆಗಿದ್ದ ಹುಡುಗರಲ್ಲಿ ಯಾರಾದರೂ ಫೋಟೊ ಹಿಡಿದಿರುತ್ತಾರೆ, ಈ ಮಕ್ಕಳು ಊಟದ ತಟ್ಟೆಯನ್ನೂ ಫೋಟೊ ಹಿಡಿಯುವವರು. ಇಲ್ಲದಿದ್ದರೆ ಪ್ರತಿ ಕೊಡಿ ಅಂತ ಠಾಣಾಧಿಕಾರಿಗೆ ಒಂದು ಅರ್ಜಿ ಬರೆಯಲಿ. ಸಿಕ್ಕ ತಕ್ಷಣ ನನಗೊಂದು ಪ್ರತಿ ಕಳಿಸಿ. ಮೇಲ್ಗಡೆ ಬಲಮೂಲೆಯಲ್ಲಿ ಎಫ್‌ಐಆರ್ ನಂಬರು ಇದೆಯೇ ಅಂತ ಮೊದಲು ಅದನ್ನು ನೋಡುತ್ತೇನೆ.